ಕಡಲ ಮೇಲಿನ ಮನೆ

ಪ್ರವಾಸವೆಂದರೆ ಮನೆಯನ್ನು ಬಿಟ್ಟು ಹೊರಡುವುದು ಎಂಬುದೇ ಸಾಮಾನ್ಯ ಎಣಿಕೆ. ಆದರೆ ಮನೆಯನ್ನೇ ಕಟ್ಟಿಕೊಂಡು, ಗಂಡ, ಮಕ್ಕಳು, ನಾಯಿ, ಹಕ್ಕಿಗಳ ಸಮೇತ ಭೂಮಂಡಲವನ್ನು ಸುತ್ತಿ ಬಂದ ಗೃಹಿಣಿಯೊಬ್ಬಳು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿದ್ದಳು. ಆಕೆಯೇ ಆನಿ ಬ್ರ್ಯಾಸಿ.

1839ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಆನಿ ಚಿಕ್ಕಂದಿನಲ್ಲಿಯೇ ತಾಯಿಯನ್ನು ಕಳೆದುಕೊಂಡಳು. ಅಜ್ಜ ಮತ್ತು ತಂದೆಯ ಆಶ್ರಯದಲ್ಲಿ ಬೆಳೆದ ಆಕೆ 1860ರಲ್ಲಿ ಥಾಮಸ್ ಬ್ರ್ಯಾಸಿಯ ಕೈಹಿಡಿದಳು. ಮಾವನವರು ದೇಶವಿದೇಶಗಳಲ್ಲಿ ರೈಲುಮಾರ್ಗಗಳನ್ನು ಹಾಕಿಸಿದ ಹೆಸರಾಂತ ಕಂತ್ರಾಟುದಾರರು. ಗಂಡನಿಗೆ ರಾಜಕೀಯದಷ್ಟೇ ಕಡಲಿನ ಹುಚ್ಚು. ಗಂಡನ ಒಲವನ್ನು ಆನಿ ತನ್ನದನ್ನಾಗಿ ಮಾಡಿಕೊಂಡಳು. ಇದರಲ್ಲಿ ಒಂದು ವಿಚಿತ್ರವುಂಟು: ಹಡಗು ಹೊಯ್ದಾಡಿದರೆ ಆಕೆಗೆ ತಲೆ ಸುತ್ತುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು. ಆ ಬಾಧೆ ಕೊನೆಯವರೆಗೂ ಪೂರ್ತಿಯಾಗಿ ಬಿಡಲಿಲ್ಲ. ಆಕೆಯೂ ಕಡಲನ್ನು ಬಿಡಲಿಲ್ಲ.

ದಂಪತಿಗಳಿಗೆ ಐದು ಮಂದಿ ಮಕ್ಕಳು. ಅವರಲ್ಲಿ ಕಾನ್‌ಸ್ಟನ್ಸ್ ಎಂಬ ಹುಡುಗಿಯನ್ನು ಮನೆಮಂದಿ ಮುದ್ದಿನಿಂದ ‘ಸನ್‌ಬೀಮ್’ ಎಂದು ಕರೆಯುತ್ತಿದ್ದರು. ಬಿಸಿಲ ಕಿರಣ ಎಂದು ಅದರ ಅರ್ಥ. 1873ರಲ್ಲಿ, ನಾಲ್ಕೇ ವರ್ಷದವಳಾಗಿದ್ದಾಗ, ಸ್ಕಾರ್ಲೆಟ್ ಜ್ವರ ಅವಳನ್ನು ಕೊಂಡೊಯ್ದಿತು. ಮರುವರ್ಷ ಬ್ರ್ಯಾಸಿ ಕುಟುಂಬದ ಹೊಸ ಹಡಗು ನೀರಿಗಿಳಿಯಿತು. ಅದು ಮೂರು ಕೂವೆಮರಗಳ, ಸುಮಾರು 530 ಟನ್ನಿನ ಹಾಯಿಹಡಗು. ಗಾಳಿ ಕೈಕೊಟ್ಟಾಗ ನೆರವಾಗಲು ಉಗಿಯಂತ್ರವೂ ಇತ್ತು. ಅದಕ್ಕೆ ಇಟ್ಟ ಹೆಸರು ‘ಸನ್‌ಬೀಮ್’. ಹಡಗಿನ ಮುಂತುದಿಯಲ್ಲಿ ಆ ಮಗುವಿನದೇ ರೂಪವನ್ನು ಮರದಲ್ಲಿ ಕೆತ್ತಿಸಿ ಚಿನ್ನದ ಲೇಪ ಕೊಡಿಸಿದ್ದರು. ಉಳಿದ ಮಕ್ಕಳು ಹಡಗಿನೊಳಗೆ ಆಡುತ್ತಿದ್ದರೆ, ಇಲ್ಲದ ಮಗು ಎಲ್ಲರಿಗಿಂತ ಮುಂದೆ ನಿಂತು ಅಲೆಗಳನ್ನು ಸೀಳುತ್ತಿತ್ತು.

1876ರ ಜುಲೈ ತಿಂಗಳಲ್ಲಿ ಈ ಹಡಗು ಪ್ರಪಂಚ ಪರ್ಯಟನಕ್ಕೆ ಹೊರಟಿತು. ಎಲ್ಲರಿಗಿಂತ ಕಿರಿಯ ಮಗಳಿಗೆ ಎರಡು ವರ್ಷವೂ ತುಂಬಿರಲಿಲ್ಲ. ಅಡಿಗೆಯವರು, ದಾದಿ, ನಾವಿಕರು ಎಲ್ಲರೂ ಜೊತೆಗಿದ್ದರು. ಹಣವಂತರ ಮನೆಯ ಪ್ರವಾಸ ಅದು, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಸಮುದ್ರ ಹಣವಂತರಿಗೆಂದು ಬೇರೆ ಅಲೆಗಳನ್ನು ಎಬ್ಬಿಸುವುದಿಲ್ಲ. ಹೊರಟ ಕೆಲವೇ ದಿನಗಳಲ್ಲಿ ದೊಡ್ಡದೊಂದು ತೆರೆ ಹಡಗಿನ ಮೇಲೆ ಕವಿಯಿತು. ಹಗ್ಗದ ಸುರುಳಿಯ ಮೇಲೆ ಕುಳಿತಿದ್ದ ಕಪ್ತಾನನೊಬ್ಬ ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಂಡು ಹಿರಿಯ ಮಗಳನ್ನು ಬಿಗಿಹಿಡಿದದ್ದರಿಂದ ಅವಳು ಉಳಿದಳು. ಹುಡುಗಿ ಕಿರುಚಲಿಲ್ಲ, ಬಿಗಿಯಾಗಿ ಹಿಡಿದುಕೊಳ್ಳುವಂತೆ ಅವನಿಗೇ ಧೈರ್ಯ ಹೇಳಿದಳು. ಮೂರು ವರ್ಷಗಳ ಹಿಂದೆ ಒಂದು ಮಗುವನ್ನು ಮಣ್ಣು ಮಾಡಿದ್ದ ತಾಯಿಗೆ ಆ ಗಳಿಗೆ ಹೇಗಿದ್ದಿತೋ! ಆದರೂ ಹಡಗು ಊರಿಗೆ ತಿರುಗಲಿಲ್ಲ.

ಸೆಪ್ಟೆಂಬರ್ 28ರಂದು ದಕ್ಷಿಣ ಅಟ್ಲಾಂಟಿಕ್ ಸಾಗರದಲ್ಲಿ, ಕಲ್ಲಿದ್ದಲು ಹೊತ್ತ ‘ಮಾಂಕ್ಸ್‌ಹೇವನ್’ ಎಂಬ ಹಡಗು ಉರಿಯುತ್ತಿರುವುದು ಕಂಡಿತು. ಅದರಲ್ಲಿದ್ದ 15 ಮಂದಿಯನ್ನೂ ಬ್ರ್ಯಾಸಿ ದಂಪತಿಗಳು ತಮ್ಮ ಹಡಗಿಗೆ ಹತ್ತಿಸಿಕೊಂಡರು. ಕರೆಯದೆ ಬಂದ ಹದಿನೈದು ನೆಂಟರು! ಊರಿನ ಮನೆಯಲ್ಲೇ ಗೃಹಿಣಿಗೆ ಎದೆಗುಂದುವ ಸಂಖ್ಯೆ. ಇಲ್ಲಿಯೋ ಕುಡಿಯುವ ನೀರಿಗೂ ಲೆಕ್ಕ. ಊರಿಗೆ ಮರಳುವ ಟಪಾಲು ಹಡಗೊಂದು ಸಿಕ್ಕು, ಅವರನ್ನು ಅದಕ್ಕೆ ಒಪ್ಪಿಸುವವರೆಗೆ ಈ ಸಂಸಾರ ನಡೆಯಿತು.

ಮೆಗೆಲನ್ ಜಲಸಂಧಿ, ಟಹೀಟಿ, ಹವಾಯಿ, ಜಪಾನ್, ಚೀನ, ಸಿಂಹಳ, ಏಡನ್ ಹೀಗೆ ಸುತ್ತಿ, 1877ರ ಮೇ ತಿಂಗಳಲ್ಲಿ ಹಡಗು ಇಂಗ್ಲೆಂಡನ್ನು ಮುಟ್ಟಿತು. ಆನಿ ತಂದೆಗೆ ಬರೆದ ಕಾಗದಗಳೂ ದಿನಚರಿಯೂ ಮರುವರ್ಷ ಪುಸ್ತಕವಾದವು. ಹನ್ನೊಂದು ತಿಂಗಳ ಕಾಲ ಕಡಲ ಮೇಲೆ ನಮ್ಮ ಮನೆ ಎಂಬ ಮಾತು ಅದರ ಹೆಸರಿನಲ್ಲಿಯೇ ಸೇರಿತ್ತು. ಪುಸ್ತಕ ಮತ್ತೆ ಮತ್ತೆ ಅಚ್ಚಾಯಿತು. ಯೂರೋಪಿನ ಬೇರೆ ಭಾಷೆಗಳಿಗೂ ಹೋಯಿತು. ಶಿಖರಗಳನ್ನೂ ಹೊಸ ನಾಡುಗಳನ್ನೂ ಗೆದ್ದ ಗಂಡಸರ ಪ್ರವಾಸಕಥನಗಳು ಆಗ ಬೇಕಾದಷ್ಟಿದ್ದವು. ಮಕ್ಕಳ ಊಟ, ಪೇಟೆಯಲ್ಲಿ ಕೊಂಡ ಹಣ್ಣು, ಮಳೆ ಸೋರಿದ ಹಾಸಿಗೆ ಇವುಗಳ ನಡುವೆ ಪ್ರಪಂಚವನ್ನು ಕಂಡವರು ವಿರಳ.

ಆಕೆಯ ಆರೋಗ್ಯ ಮಾತ್ರ ಎಂದೂ ಗಟ್ಟಿಯಾಗಿರಲಿಲ್ಲ. ಎದೆಯ ಕಾಯಿಲೆ, ಮರಳಿ ಮರಳಿ ಕಾಡುವ ಮಲೇರಿಯಾ. ಕಡಲ ಗಾಳಿಯಿಂದ ಗುಣವಾದೀತೆಂಬ ಆಸೆಯೂ 1886ರಲ್ಲಿ ಆರಂಭವಾದ ಕೊನೆಯ ಪ್ರಯಾಣಕ್ಕೆ ಒಂದು ಕಾರಣ. ಭರತಖಂಡವನ್ನೂ ಬರ್ಮಾವನ್ನೂ ಬೋರ್ನಿಯೋವನ್ನೂ ನೋಡಿ ಆಸ್ಟ್ರೇಲಿಯ ಸೇರಿದಳು. ಪ್ರಥಮ ಚಿಕಿತ್ಸೆಯನ್ನು ಜನಸಾಮಾನ್ಯರಿಗೆ ಕಲಿಸುವ ಸೇಂಟ್ ಜಾನ್ ಆಂಬುಲೆನ್ಸ್ ಕಾರ್ಯ ಆಕೆಗೆ ಬಹು ಪ್ರಿಯ. ಮೈಯಲ್ಲಿ ಶಕ್ತಿಯಿಲ್ಲದಿದ್ದರೂ ಇಳಿದ ಊರುಗಳಲ್ಲಿ ಅದರ ಪರವಾಗಿ ಸಭೆಗಳನ್ನು ನಡೆಸಿದಳು.

ಆಸ್ಟ್ರೇಲಿಯದಿಂದ ಮಾರಿಷಸ್‌ಗೆ ಹೋಗುವ ದಾರಿಯಲ್ಲಿ, 1887ರ ಸೆಪ್ಟೆಂಬರ್ 14ರಂದು, ಗಂಡನೂ ಮಕ್ಕಳೂ ಬಳಿಯಲ್ಲಿರುವಾಗಲೇ ಆನಿ ಕಣ್ಮುಚ್ಚಿದಳು. ವಯಸ್ಸು 47. ಹತ್ತಿರದಲ್ಲಿ ದಡವಿರಲಿಲ್ಲ. ಅಂದು ಸೂರ್ಯಾಸ್ತದ ಹೊತ್ತಿಗೆ ಹಿಂದೂ ಮಹಾಸಾಗರದಲ್ಲಿಯೇ ಆಕೆಯ ದೇಹವನ್ನು ಇಳಿಸಿದರು. ಆಮೇಲೆ ಥಾಮಸ್ ಬ್ರ್ಯಾಸಿ ಮಡದಿಯ ಚರಿತ್ರೆಯನ್ನು ಸಂಕ್ಷೇಪವಾಗಿ ಬರೆದರು. ಲೋಕವನ್ನು ಕುರಿತಲ್ಲ, ತಾಯಿಯನ್ನು ಕಳೆದುಕೊಂಡ ತಮ್ಮ ಮಕ್ಕಳನ್ನು ಕುರಿತು, ಕಾಗದದ ರೂಪದಲ್ಲಿ.

ದೇಶದೇಶಗಳಿಂದ ಆಕೆ ತಂದ ವಸ್ತುಗಳು ಈಗ ಹೇಸ್ಟಿಂಗ್ಸ್ ಊರಿನ ವಸ್ತು ಸಂಗ್ರಹಾಲಯದಲ್ಲಿವೆ. ಹಡಗನ್ನು 1929ರಲ್ಲಿ ಒಡೆದುಹಾಕಲಾಯಿತು. ಮುಂತುದಿಯಲ್ಲಿದ್ದ ಚಿನ್ನದ ಬಣ್ಣದ ಆ ಮಗು ಮಾತ್ರ ಗ್ರೀನಿಚ್ಚಿನ ಸಾಗರ ಸಂಗ್ರಹಾಲಯವನ್ನು ಸೇರಿದೆ.