ಜೂಜಿನ ಚಟ: ‘ಅವನ ಗುಣವೇ ಅಷ್ಟು’ ಎನ್ನುವ ಮಾತು ಎಷ್ಟು ನಿಜ?

ಪಂಪ್‌ವೆಲ್‌ನಲ್ಲಿ ಕಾಸರಗೋಡು ಬಸ್ ಹತ್ತಿದರೆ ನೇತ್ರಾವತಿ ಸೇತುವೆ, ತೊಕ್ಕೊಟ್ಟು ದಾಟಿ ತಲಪಾಡಿ ಗಡಿ. ಕರ್ನಾಟಕದಲ್ಲಿ ಲಾಟರಿ ಮಾರಾಟ 2007ರಲ್ಲೇ ನಿಂತಿತು. ಗಡಿಯಾಚೆ ಕೇರಳ ಸರ್ಕಾರದ್ದೇ ಲಾಟರಿ ಇದೆ. ಮಟ್ಕಾ, ಕೋಳಿ ಅಂಕಗಳಿಗೆ ಗಡಿಯ ಹಂಗೂ ಇಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ 2025ರಲ್ಲಿ ಕಾಯ್ದೆ ತಂದು ನಿಷೇಧಿಸಿತು. ಒಂದು ಬಾಗಿಲು ಮುಚ್ಚಿದರೂ ಇನ್ನೊಂದನ್ನು ಹುಡುಕುವವನನ್ನು ಕಂಡರೆ ಊರು ಹೇಳುವುದು ಒಂದೇ ಮಾತು: ‘ಅವನ ಗುಣವೇ ಅಷ್ಟು.’ ಪಂಪ್‌ವೆಲ್ ಫ್ಲೈಓವರ್ ಬಗ್ಗೆ ನಾವೆಲ್ಲ ಫಾರ್ವರ್ಡ್ ಮಾಡಿದ ಜೋಕುಗಳಿಂದ ಯಾರ ಮನೆಯೂ ಮುಳುಗಲಿಲ್ಲ. ಈ ಮಾತು ಹಾಗಲ್ಲ.

ಇದರಲ್ಲಿ ಸ್ವಲ್ಪ ನಿಜವಿದೆ. ಚಿಕಿತ್ಸೆಗೆ ಬಂದ ಜೂಜು ವ್ಯಸನಿಗಳ ಮೇಲಿನ ಹಲವು ಅಧ್ಯಯನಗಳನ್ನು 2015ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ, ಅವರಲ್ಲಿ ಅರ್ಧದ ಹತ್ತಿರ ಜನರಿಗೆ ಯಾವುದಾದರೊಂದು ವ್ಯಕ್ತಿತ್ವ ದೋಷ ಇರುವುದು ಕಂಡಿತು. ಹಾಗೆಂದರೆ ಎಲ್ಲರೂ ಮೋಸಗಾರರು ಎಂದಲ್ಲ. ಜನರ ಮುಖ ನೋಡಲೂ ಅಂಜುವ, ಹಿಂಜರಿಯುವ ಸ್ವಭಾವದವರೂ ಅದರಲ್ಲಿದ್ದಾರೆ. ಮೇಲಾಗಿ ಇದು ಚಿಕಿತ್ಸೆಗೆ ಬಂದವರ ಲೆಕ್ಕ, ಜೂಜಾಡುವ ಎಲ್ಲರದ್ದಲ್ಲ.

ನಾವು ಎಡವುವುದು ಇಲ್ಲಿ: ಸುಳ್ಳು ಹೇಳುವುದು, ಸಾಲ ಮುಚ್ಚಿಡುವುದು, ಹೋದ ದುಡ್ಡನ್ನು ಗೆಲ್ಲಲು ಮತ್ತೆ ಆಡುವುದು ಚಟದ್ದೇ ಲಕ್ಷಣಗಳು. ವ್ಯಕ್ತಿತ್ವ ದೋಷವಾದರೆ ಅದರ ಸುಳಿವು ಹದಿಹರೆಯದಿಂದಲೇ, ಜೂಜಿನ ಹೊರಗೂ, ಗೆಳೆತನ-ಕೆಲಸ-ಸಂಸಾರದಲ್ಲೆಲ್ಲ ಕಾಣಿಸುತ್ತದೆ. ಅದಕ್ಕೇ ಮನೋವೈದ್ಯರು ‘ಎಷ್ಟು ಕಳೆದ?’ ಎಂಬುದರ ಜೊತೆ ‘ಆಡಲು ಶುರು ಮಾಡುವ ಮೊದಲು ಹೇಗಿದ್ದ?’ ಎಂದೂ ಕೇಳುತ್ತಾರೆ. ಜನ್ಮದಲ್ಲೇ ಇಸ್ಪೀಟ್ ಮುಟ್ಟದ ಅಜ್ಜ ಪಾರ್ಕಿನ್ಸನ್ ಕಾಯಿಲೆಯ ಪ್ರಮಿಪೆಕ್ಸೋಲ್, ರೋಪಿನಿರೋಲ್‌ನಂಥ ಮಾತ್ರೆ ಶುರುವಾದ ಮೇಲೆ ಜೂಜಿಗೆ ಬೀಳುವುದೂ ಉಂಟು. ಅಲ್ಲಿ ಗುಣದ ಪ್ರಶ್ನೆಯೇ ಇಲ್ಲ. (ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ವೈದ್ಯರಿಗೆ ತಿಳಿಸಿ.)

ಎರಡೂ ಇರುವವರಿಗೆ ಚಿಕಿತ್ಸೆ ಕಷ್ಟ: ಅರ್ಧಕ್ಕೆ ಬಿಡುವ, ಆತ್ಮಹತ್ಯೆಗೆ ಯತ್ನಿಸುವ ಅಪಾಯ ಹೆಚ್ಚು. ಕಷ್ಟ ಎಂದರೆ ಅಸಾಧ್ಯವಲ್ಲ. ಮಾತಿನ ಚಿಕಿತ್ಸೆ ಎರಡಕ್ಕೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆನ್‌ಲೈನ್ ಚಟಗಳಿಗಾಗಿಯೇ 2014ರಿಂದ ‘ಶಟ್’ ಕ್ಲಿನಿಕ್ ಇದೆ. ಮಂಗಳೂರಿನಿಂದ ಅಷ್ಟು ದೂರ ಹೋಗಲಾಗದವರು ಟೆಲಿ-ಮಾನಸ್ 14416ಕ್ಕೆ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು, ಉಚಿತ. ಸಾಯುವ ಮಾತಾಡುತ್ತಿದ್ದರೆ ಸಾಲದ ಲೆಕ್ಕ ಆಮೇಲೆ, ಮೊದಲು ಕರೆ. ಅಲ್ಲಿಯವರೆಗೆ ಅವನನ್ನು ಒಂಟಿಯಾಗಿ ಬಿಡಬೇಡಿ.