ಗುಮಟೆಯ ಚರ್ಮ, ಉಡದ ಪ್ರಾಣ

ಫಾಲ್ಗುಣ ಮಾಸ ಸಮೀಪಿಸಿತೆಂದರೆ ಉತ್ತರ ಕನ್ನಡದ ಹಾಲಕ್ಕಿ ಕೊಪ್ಪಗಳಲ್ಲಿ ಸುಗ್ಗಿ ಕುಣಿತದ ಸಿದ್ಧತೆ ಆರಂಭವಾಗುತ್ತದೆ. ಘಟ್ಟದ ಕೆಳಗೆ ಕುಡುಬಿಯರು ಹೋಳಿಗೆ ಅಣಿಯಾಗುತ್ತಾರೆ. ಎರಡೂ ಕಡೆ ಮೊದಲು ಕೇಳಿಬರುವುದು ಗುಮಟೆಯ ದನಿ. 2017ರಲ್ಲಿ ಪದ್ಮಶ್ರೀ ಪಡೆದ ಅಂಕೋಲಾ ತಾಲ್ಲೂಕಿನ ಸುಕ್ರಿ ಬೊಮ್ಮಗೌಡರು 2025ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಜಾನಪದದ ಉಳಿವಿನ ಬಗ್ಗೆ ವೇದಿಕೆಗಳಲ್ಲಿ ಬಹಳ ಮಾತುಗಳು ಕೇಳಿಬಂದವು. ಆದರೆ ಹಾಡಿನ ಜೊತೆಗಿರುವ ವಾದ್ಯದ ಸಂಕಟವನ್ನು ಕುರಿತು ಮಾತನಾಡಿದವರು ವಿರಳ.

ಗುಮಟೆ ಕುಂಬಾರನ ಮಣ್ಣಿನಿಂದ ಹುಟ್ಟುವ ವಾದ್ಯ. ಮಡಕೆಯಾಕಾರದ ಅದರ ಅಗಲ ಬಾಯಿಗೆ ಚರ್ಮ ಬಿಗಿಯಲಾಗುತ್ತದೆ. ಇನ್ನೊಂದು ತುದಿಯ ಕಿರಿದಾದ ಬಾಯಿಯನ್ನು ವಾದಕ ಎಡಗೈಯಿಂದ ಮುಚ್ಚಿ ತೆರೆದು ನಾದವನ್ನು ಏರಿಳಿಸುತ್ತಾನೆ. ತಲೆತಲಾಂತರದಿಂದ ಅದಕ್ಕೆ ಬಳಸುತ್ತ ಬಂದದ್ದು ಉಡದ ಚರ್ಮ. ತೆಳುವಾದರೂ ಗಟ್ಟಿಯಾದ ಈ ಚರ್ಮ ಕೊಡುವ ನಾದ ಬೇರೆಯದರಿಂದ ಬಾರದೆಂಬುದು ಹಿರಿಯ ವಾದಕರ ನಂಬಿಕೆ.

ಇತ್ತ ಉಡ ರೈತನ ಮೌನ ಸಹಾಯಕ. ಗದ್ದೆಯ ಹಾಳಿಯನ್ನು ತೂತು ಮಾಡುವ ಏಡಿ, ತೋಟದ ಬಸವನಹುಳು, ದುಂಬಿ ಹಾಗೂ ಅದರ ಮರಿಹುಳು, ಇಲಿ, ಸತ್ತ ಪ್ರಾಣಿಗಳ ಮಾಂಸ ಇವೆಲ್ಲ ಅದರ ಆಹಾರ. ಮೊಟ್ಟೆಯಿಡಲು ಅದು ಹಲವು ಬಾರಿ ಗೆದ್ದಲ ಹುತ್ತವನ್ನೇ ಆರಿಸಿಕೊಳ್ಳುತ್ತದೆ. ಸೊಪ್ಪಿನ ಬೆಟ್ಟಕ್ಕೆ ಬೆಂಕಿ ಬಿದ್ದಾಗ, ಯಂತ್ರಗಳು ಹುತ್ತವನ್ನು ನೆಲಸಮ ಮಾಡಿದಾಗ, ಬರಲಿರುವ ಪೀಳಿಗೆಯೂ ಅಳಿಯುತ್ತದೆ. ಮಾಂಸಕ್ಕಾಗಿ, ಔಷಧಿಯೆಂಬ ಮೂಢನಂಬಿಕೆಯ ಎಣ್ಣೆಗಾಗಿ ನಡೆಯುವ ಬೇಟೆ ಇದಕ್ಕೆ ಸೇರಿಕೊಳ್ಳುತ್ತದೆ. ಅದೃಷ್ಟ ತರುವ ಬೇರೆಂದು ಅಂತರಜಾಲದಲ್ಲಿ ಮಾರಾಟವಾಗುತ್ತಿದ್ದ 'ಹತ್ಥಾ ಜೋಡಿ' ವಾಸ್ತವವಾಗಿ ಉಡದ ಒಣಗಿಸಿದ ಜನನಾಂಗವೆಂಬುದು 2017ರಲ್ಲಿ ಬಯಲಾಯಿತು. ಉಡದ ಶತ್ರು ಗುಮಟೆಯೊಂದೇ ಅಲ್ಲ ಎನ್ನಲು ಇಷ್ಟು ಸಾಕು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಹುಲಿ, ಆನೆಗಳ ಜೊತೆ ಉಡವೂ ಇದೆ. ಅದನ್ನು ಕೊಂದರೆ ಕನಿಷ್ಠ 3, ಗರಿಷ್ಠ 7 ವರ್ಷ ಸೆರೆವಾಸ. 2022ರ ತಿದ್ದುಪಡಿಯ ನಂತರ ದಂಡ 25,000 ರೂಪಾಯಿಗೆ ಕಡಿಮೆಯಿರುವಂತಿಲ್ಲ. ಚರ್ಮವನ್ನು ಇಟ್ಟುಕೊಳ್ಳುವುದಕ್ಕೂ ಕಾಯಿದೆಯ ಕಟ್ಟುಪಾಡುಗಳಿವೆ. 2023ರ ಅಕ್ಟೋಬರಿನಲ್ಲಿ ಹುಲಿಯುಗುರಿನ ಪದಕದ ಗದ್ದಲವೆದ್ದಾಗ ಹೆಸರುವಾಸಿಗಳ ಮನೆಗಳಲ್ಲೂ ತಪಾಸಣೆ ನಡೆಯಿತು. ಅಜ್ಜನ ಕಾಲದ ಗುಮಟೆಯನ್ನು ಅಟ್ಟದಲ್ಲಿಟ್ಟಿರುವ ಬಡ ಒಕ್ಕಲಿಗೆ ಇಂಥ ಸುದ್ದಿ ತಂದೊಡ್ಡುವ ಆತಂಕ ಇನ್ನೂ ದೊಡ್ಡದು.

ಇಲ್ಲಿ ರಾಜಕಾರಣಕ್ಕೆ ಸುಲಭದ ದಾರಿಗಳು ಎರಡು. ಸಂಪ್ರದಾಯದ ಹೆಸರಿನಲ್ಲಿ ಕಾಯಿದೆಯನ್ನು ಹಳಿದು ಚಪ್ಪಾಳೆ ಗಿಟ್ಟಿಸುವುದು ಒಂದು. ಕಾಡಿನಂಚಿನ ಜನರನ್ನೇ ಅಪರಾಧಿಗಳೆಂದು ಬಿಂಬಿಸಿ ಸಂರಕ್ಷಣೆಯಾಯಿತೆಂದು ವರದಿ ಬರೆಯುವುದು ಇನ್ನೊಂದು. ಶರಾವತಿ ಕಣಿವೆಯನ್ನು 2019ರಲ್ಲಿ ಸಿಂಗಳೀಕ ಅಭಯಾರಣ್ಯವೆಂದು ಘೋಷಿಸಲಾಯಿತು. ಅದೇ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ ನೀರನ್ನು ಮೇಲೆತ್ತಿ ಇಳಿಸುವ 2000 ಮೆಗಾವಾಟ್ ಯೋಜನೆಗೆ ರಾಷ್ಟ್ರೀಯ ವನ್ಯಜೀವಿ ಮಂಡಳಿ 2025ರಲ್ಲಿ ತಾತ್ವಿಕ ಸಮ್ಮತಿ ನೀಡಿತು. ಒಂದು ಚರ್ಮಕ್ಕೆ ಸೆರೆಮನೆ, ಒಂದು ಕಣಿವೆಗೆ ಸಮ್ಮತಿ ಎಂಬ ಭಾವನೆ ಹಳ್ಳಿಗರಲ್ಲಿ ಬೇರೂರಿದರೆ ಕಾಯಿದೆಯ ಮೇಲಿನ ಗೌರವ ಉಳಿಯದು. ಹಾಗೆಂದು ದೊಡ್ಡವರ ಅನ್ಯಾಯ ಚಿಕ್ಕ ಬೇಟೆಗೆ ಪರವಾನಗಿಯಾಗಲಾರದು. ಎರಡು ಸಂಗತಿಗಳನ್ನೂ ಒಂದೇ ಉಸಿರಿನಲ್ಲಿ ಹೇಳುವ ನೈತಿಕ ಸ್ಥೈರ್ಯ ಪರಿಸರ ಚಳವಳಿಗೆ ಇರಬೇಕು.

ನೆರೆಯ ಗೋವೆಯಲ್ಲಿ ಇದೇ ವಾದ್ಯದ ಹೆಸರು ಘುಮಟ್. ಅಲ್ಲಿ ಉಡದ ಬದಲು ಆಡಿನ ಚರ್ಮ ಬಳಕೆಗೆ ಬಂದಿತು. 2019ರಲ್ಲಿ ಸರ್ಕಾರ ಅದನ್ನು ಪಾರಂಪರಿಕ ವಾದ್ಯವೆಂದು ಘೋಷಿಸಿತು. ಚರ್ಮ ಬದಲಾದರೂ ವಾದ್ಯ ಅಳಿಯಲಿಲ್ಲ. ಆಡಿನ ಚರ್ಮವನ್ನು ತೆಳುವಾಗಿ ಹದಗೊಳಿಸುವುದು ಶ್ರಮದ ಕೆಲಸವೇ ಹೌದು. ಆದರೆ ಮಣ್ಣು, ಗಾತ್ರ, ಸುಡುವ ಕ್ರಮ, ವಾದಕನ ಅಂಗೈ ಇವೆಲ್ಲ ಸೇರಿ ಗುಮಟೆಯ ನಾದ ಆಗಿದೆಯೇ ಹೊರತು ಚರ್ಮವೊಂದರಿಂದಲೇ ಅಲ್ಲ.

ಆಗಬೇಕಾದುದು ಇಷ್ಟು. ಆಡಿನ ಚರ್ಮ ಹದಗೊಳಿಸುವ ತರಬೇತಿ ಜಾನಪದ ಅಕಾಡೆಮಿಯ ಕಾರ್ಯಕ್ರಮವಾಗಲಿ. ಗುಮಟೆ ಮಾಡುವ ಕುಂಬಾರನಿಗೆ ಮಣ್ಣು, ಸೌದೆ ಸುಲಭವಾಗಿ ದೊರೆಯಲಿ. ಹಳೆಯ ವಾದ್ಯಗಳು ದಂಡದ ಭಯವಿಲ್ಲದೆ ವಸ್ತುಸಂಗ್ರಹಾಲಯ ಸೇರುವ ಮಾರ್ಗವನ್ನು ಅರಣ್ಯ ಇಲಾಖೆ ಕಾನೂನಿನ ಚೌಕಟ್ಟಿನೊಳಗೆ ಹುಡುಕಲಿ. ಶಾಲೆ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಊರಿನ ಗುಮಟೆಯ ಪದಗಳನ್ನು ಬರೆದಿಡಲಿ, ಹುತ್ತಗಳು ಎಲ್ಲಿವೆ ಎಂಬುದನ್ನೂ ಗುರುತಿಸಲಿ. ಗ್ರಾಮ ಪಂಚಾಯ್ತಿಯ ಜೀವವೈವಿಧ್ಯ ಸಮಿತಿಯ ದಾಖಲೆಯಲ್ಲಿ ಉಡಕ್ಕೂ ಗುಮಟೆಗೂ ಒಂದೊಂದು ಪುಟ ಇರಲಿ. ಹಿಡಿದದ್ದನ್ನು ಬಿಡದಿರುವುದಕ್ಕೆ ಉಡದ ಪಟ್ಟು ಎನ್ನುತ್ತಾರೆ. ಮುಂದಿನ ಸುಗ್ಗಿಯೊಳಗೆ ಈ ಬೇಡಿಕೆಗಳು ಈಡೇರುವಂತೆ ಗ್ರಾಮಸಭೆಗಳಲ್ಲಿ ಹಿಡಿಯಬೇಕಾದುದು ಅಂಥ ಪಟ್ಟನ್ನೇ.