ಗುಮ್ಮನನ್ನು ನೋಡಿ ನಕ್ಕರೆ ಮಕ್ಕಳು ಕೆಡುತ್ತಾರೆಯೇ?

ಕಪ್ಪು ಅಂಗಿ, ಎರಡು ಜಡೆ, ನಗುವೇ ಇಲ್ಲದ ಮುಖ. ವೆನ್ಸ್‌ಡೇ ಎಂಬ ಈ ಹುಡುಗಿಯನ್ನು ಈಗ ನಮ್ಮೂರ ಮಕ್ಕಳೂ ಮೊಬೈಲಿನಲ್ಲಿ ನೋಡುತ್ತಾರೆ. ಹಿರಿಯರದ್ದು ಒಂದೇ ಗೊಣಗಾಟ: "ಹೆಣ, ಗೋರಿ, ಇದೆಲ್ಲ ನಗುವ ವಿಷಯವಾ ಮಾರಾಯ್ರೆ? ಮಕ್ಕಳ ಮನಸ್ಸು ಕೆಡ್ತದೆ." ಕೆಲವು ಮಾಷ್ಟ್ರುಗಳೂ ಇದಕ್ಕೆ ತಲೆಯಾಡಿಸುತ್ತಾರೆ. ನಾನು ಆಡಿಸುವುದಿಲ್ಲ.

ಈ ಹುಡುಗಿಯನ್ನು ಮೊದಲು ಬರೆದವರು ಅಮೆರಿಕದ ವ್ಯಂಗ್ಯಚಿತ್ರಕಾರ ಚಾರ್ಲ್ಸ್ ಆಡಮ್ಸ್. 1912ರಲ್ಲಿ ನ್ಯೂಜೆರ್ಸಿಯ ವೆಸ್ಟ್‌ಫೀಲ್ಡಿನಲ್ಲಿ ಹುಟ್ಟಿದವರು. ಎಳೆಯ ಪ್ರಾಯದಲ್ಲಿ ಒಂದು ಪತ್ತೇದಾರಿ ಪತ್ರಿಕೆಯಲ್ಲಿ ಅವರಿಗೆ ಸಿಕ್ಕಿದ ಕೆಲಸ ಕೊಲೆಯಾದವರ ಫೋಟೋಗಳಿಂದ ರಕ್ತದ ಕಲೆ ಅಳಿಸುವುದು. ಕೊಲೆಯ ಸುದ್ದಿಯನ್ನು ದುಡ್ಡು ಕೊಟ್ಟು ಓದಬೇಕು, ರಕ್ತ ಮಾತ್ರ ಕಾಣಬಾರದು! ಸಭ್ಯಸ್ಥರ ಈ ನಾಟಕವನ್ನು ಅವರು ಹತ್ತಿರದಿಂದಲೇ ಕಂಡಿದ್ದರು. 1932ರಲ್ಲಿ 'ನ್ಯೂಯಾರ್ಕರ್' ವಾರಪತ್ರಿಕೆಗೆ ಮೊದಲ ಚಿತ್ರ ಕೊಟ್ಟರು. 1988ರಲ್ಲಿ ತೀರಿಹೋಗುವ ತನಕ ಆ ಪತ್ರಿಕೆಯ ನಂಟು ಬಿಡಲಿಲ್ಲ. ಅವರಿಗೆ ಆಗಾಗ ಹುಚ್ಚು ಹಿಡಿಯುತ್ತದೆ ಎಂದು ಜನ ಸುದ್ದಿ ಹಬ್ಬಿಸಿದ್ದರು. ಬಲ್ಲವರಿಗೆ ಗೊತ್ತಿತ್ತು, ಮನುಷ್ಯ ಬಹಳ ಸೌಮ್ಯ.

1946ರ ಕ್ರಿಸ್‌ಮಸ್ಸಿನ ಚಿತ್ರ ನೋಡಿ. ಬಾಗಿಲಲ್ಲಿ ಹಬ್ಬದ ಹಾಡು ಹಾಡುವವರು ನಿಂತಿದ್ದಾರೆ. ಮಾಡಿನ ಮೇಲೆ ಮನೆಯವರು ಹಬೆಯಾಡುವ ಕೊಪ್ಪರಿಗೆ ಹಿಡಿದು ತಯಾರಾಗಿದ್ದಾರೆ. ಆದರೆ ಇನ್ನೂ ಸುರಿದಿಲ್ಲ. ಸುರಿಯುವುದು ನೋಡುವವನ ತಲೆಯೊಳಗೆ. ಒಂದು ಹನಿ ರಕ್ತವೂ ಚಿತ್ರದಲ್ಲಿಲ್ಲ. ನಾವಾದರೋ ಅಪಘಾತದ ವಿಡಿಯೋಗಳನ್ನು ವಾಟ್ಸಾಪಿನಲ್ಲಿ ಊರಿಡೀ ಹಂಚುತ್ತೇವೆ. ಆಗ ಮಕ್ಕಳು ಪಕ್ಕದಲ್ಲಿರುವುದು ಯಾರಿಗೂ ನೆನಪಾಗುವುದಿಲ್ಲ.

ಊಟ ಬೇಡವೆಂದ ಮಗುವಿಗೆ "ಗುಮ್ಮ ಬರ್ತಾನೆ" ಎನ್ನುವವರು ನಾವು. ಅಜ್ಜ ತೀರಿಕೊಂಡರೆ "ಊರಿಗೆ ಹೋಗಿದ್ದಾರೆ" ಎನ್ನುವವರೂ ನಾವೇ. ಹೆದರಿಸುವುದೂ ನಾವು, ಸುಳ್ಳು ಹೇಳುವುದೂ ನಾವು. ಆಡಮ್ಸ್ ಆ ಗುಮ್ಮನನ್ನು ಕರೆದು ಚಾವಡಿಯಲ್ಲಿ ಕೂರಿಸಿದರು. ಅವನಿಗೂ ಹೆಂಡತಿ, ಮಕ್ಕಳು, ಅಜ್ಜಿ ಇದ್ದಾರೆಂದು ತೋರಿಸಿದರು. ನಕ್ಕ ಮಗುವಿಗೆ ಮತ್ತೆ ಹೆದರಿಕೆ ಎಲ್ಲಿ?

ನಮ್ಮ ಆಟದಲ್ಲೂ ಬಣ್ಣದ ವೇಷ ಅಬ್ಬರಿಸಿದಾಗ ಮಗು ಅಮ್ಮನ ಸೆರಗಿನಲ್ಲಿ ಮುಖ ಮುಚ್ಚುತ್ತದೆ, ಮರುಗಳಿಗೆ ಸಂದಿನಿಂದ ಇಣುಕುತ್ತದೆ. ಹಾಗೆ ಇಣುಕಿಯೇ ಅಲ್ಲವೇ ನಾವೆಲ್ಲ ಧೈರ್ಯ ಕಲಿತದ್ದು?

ಬಡವನನ್ನು, ಅಂಗವಿಕಲನನ್ನು, ಸೂತಕದ ಮನೆಯವರನ್ನು ಗೇಲಿ ಮಾಡುವ ನಗೆ ಬೇರೆ. ಅದನ್ನು ಖಂಡಿತ ತಡೆಯೋಣ. ಸಾವನ್ನೇ ಗೇಲಿ ಮಾಡುವ ನಗೆಯನ್ನು ತಡೆಯುವುದು ಬೇಡ.

ಮಾಷ್ಟ್ರೇ, ಟೀಚರೇ, ಆಡಮ್ಸರ 1940ರ ಒಂದು ಚಿತ್ರವನ್ನು ಕರಿಹಲಗೆಯಲ್ಲಿ ನೀವೇ ಬರೆಯಬಹುದು. ಕಾಲಿಗೆ ಉದ್ದದ ಹಲಗೆ ಕಟ್ಟಿ ಹಿಮದ ಮೇಲೆ ಜಾರಿಹೋದವನ ಎರಡು ಗೆರೆ. ನಡುವೆ ಒಂದು ಮರ. ಒಂದು ಗೆರೆ ಮರದ ಎಡಕ್ಕೆ, ಇನ್ನೊಂದು ಬಲಕ್ಕೆ. ಮರ ದಾಟಿದ ಮೇಲೆ ಎರಡೂ ಪುನಃ ಒಟ್ಟಿಗೆ. ಬರೆದು, "ಇದು ಹೇಗಾಯ್ತು?" ಎಂದು ಕೇಳಿ. ಆಮೇಲೆ ಹೇಳಿ, ಮಕ್ಕಳ ಮನಸ್ಸು ಕೆಟ್ಟಿತೋ, ಚುರುಕಾಯಿತೋ.